ಬ್ರೋಡಿಯ ಬಲಭುಜ

ನಮ್ಮ ಪ್ಲಮ್ ಫೋರ್ಕ್ ಊರನ್ನು ತಲೆಕೆಳಗು ಮಾಡಿದವನು ನಾನು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಬರೀ ಒಂದು ವಾಕ್ಯ ಶುರು ಮಾಡಿದೆ. ಅದನ್ನೂ ಮುಗಿಸಲಿಲ್ಲ. ಮುಗಿಸಿದವರು ಊರಿನವರು.

ನೆಬ್ರಾಸ್ಕಾದ ಈ ಮೂಲೆಯಲ್ಲಿ ಮೆಕ್ಕೆಜೋಳಕ್ಕಿಂತ ಎತ್ತರವಾಗಿರುವುದು ಎರಡೇ. ಒಂದು, ಕಾಳು ತುಂಬಿಡುವ ಉಗ್ರಾಣದ ಗೋಪುರ. ಇನ್ನೊಂದು, ಬ್ರೋಡಿ ವಾನೆಕ್. ಗೋಪುರದ ಬುಡದಲ್ಲಿ ಕೂತು ರೈತರ ಟ್ರಕ್ಕುಗಳನ್ನು ತೂಗುವವನು ನಾನು, ಮಾರ್ವಿನ್ ಕೂಚೆರಾ. ಶುಕ್ರವಾರ ಸಂಜೆ ಹೈಸ್ಕೂಲ್ ಮೈದಾನದಲ್ಲಿ ಮೈಕ್ ಹಿಡಿದು ಕೂಗುವವನೂ ನಾನೇ. ಬ್ರೋಡಿ ಏನು ಮಾಡುತ್ತಾನೆ ಎಂದು ಕೇಳಬೇಡಿ. ಏನು ಮಾಡುವುದಿಲ್ಲ ಎಂದು ಕೇಳಿ, ಬೇಗ ಮುಗಿಯುತ್ತದೆ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕನ್ ಫುಟ್‌ಬಾಲಿಗೆ ಹನ್ನೊಂದು ಹುಡುಗರು ಸಿಗದಷ್ಟು ಚಿಕ್ಕ ಊರು ನಮ್ಮದು. ಹಾಗಾಗಿ ಎಂಟೆಂಟು ಜನರ ತಂಡಗಳ ಲೀಗಿನಲ್ಲಿ ಆಡುತ್ತೇವೆ. ಆ ಎಂಟರಲ್ಲಿ ಏಳು ಜನರ ಕೆಲಸ ಬ್ರೋಡಿಗೆ ಅಡ್ಡ ಬರದೆ ಇರುವುದು. ಅವನು ಕ್ವಾರ್ಟರ್‌ಬ್ಯಾಕ್. ಪ್ರತಿ ಸಲ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಬೇರೆ ಊರುಗಳಲ್ಲಿ ಅದು ಅಲ್ಲಿಂದ ಬೇರೆಯವರ ಕೈಗೂ ಹೋಗುತ್ತದಂತೆ, ಕೇಳಿದ್ದೇನೆ. ನಮ್ಮಲ್ಲಿ ಅವನೇ ಎಸೆಯುತ್ತಾನೆ, ಅವನೇ ಓಡುತ್ತಾನೆ, ಅವನೇ ಒದೆಯುತ್ತಾನೆ. ತಾನೇ ಎಸೆದದ್ದನ್ನು ತಾನೇ ಓಡಿಹೋಗಿ ಹಿಡಿಯುವಷ್ಟು ಹೊತ್ತು ಚೆಂಡು ಗಾಳಿಯಲ್ಲಿ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ತುದಿಯಲ್ಲಿ ಇನ್ನೊಬ್ಬನನ್ನು ನಿಲ್ಲಿಸಿದ್ದೇವೆ.

ಕೋಚ್ ಸ್ಟೂಬೆಯ ಯುದ್ಧತಂತ್ರವನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮಧ್ಯಂತರದಲ್ಲಿ ಹುಡುಗರನ್ನು ಸುತ್ತ ಕೂರಿಸಿಕೊಂಡು, ಟೋಪಿ ತೆಗೆದು, "ಬ್ರೋಡಿಗೆ ಕೊಡಿ," ಎನ್ನುತ್ತಾನೆ. ತಂಡ ಹಿಂದೆ ಬಿದ್ದಿದ್ದರೆ ತಂತ್ರ ಬದಲಾಗುತ್ತದೆ: "ಬೇಗ ಕೊಡಿ."

ಹೀಗಿರುವ ಊರಿನಲ್ಲಿ ಮನುಷ್ಯನ ಬೆಲೆ ಗೊತ್ತಾಗುವುದು ಅವನಿಗೆ ಬ್ರೋಡಿ ಎಷ್ಟು ಹತ್ತಿರ ಎಂಬುದರಿಂದ. ಬೆಳಿಗ್ಗೆ ಆರ್ಲೀನಳ ಕಾಫಿ ಅಂಗಡಿಯ ದುಂಡು ಮೇಜಿನಲ್ಲಿ ನಾವು ಕೆಲವು ಗಂಡಸರು ಸೇರುತ್ತೇವೆ. ಆ ಸೋಮವಾರ ಬೂಟಿನಂಗಡಿಯ ಮೈಲೊ ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

"ಶನಿವಾರ ಬ್ರೋಡಿ ನಮ್ಮ ಅಂಗ್ಡಿಗೆ ಬಂದಿದ್ದ ಕಣ್ರಯ್ಯ. ಲೇಸ್ ತಗೊಂಡ. ಕಂದು ಬಣ್ಣದ್ದು."

ಮೇಜು ಗೌರವದಿಂದ ಮೌನವಾಯಿತು.

"ಕಂದು ಯಾಕೆ?" ಎಂದ ವರ್ಲಿನ್. ಹಂದಿ ಸಾಕುವ ಈ ವರ್ಲಿನ್ ಬ್ರೋಡಿಯ ತಾಯಿಗೆ ಎಲ್ಲೋ ದೂರದ ಅಣ್ಣನಾಗಬೇಕು; ಆ ದೂರವನ್ನು ಅವನು ವರ್ಷದಿಂದ ವರ್ಷಕ್ಕೆ ಕಮ್ಮಿ ಮಾಡುತ್ತ ಬಂದಿದ್ದಾನೆ. "ಶುಕ್ರವಾರಕ್ಕೆ ಏನೋ ಯೋಚ್ನೆ ಇದೆ ಅವ್ನಿಗೆ. ನಮ್ಮ ವಂಶದಲ್ಲೇ ಹಾಗೆ, ಬಾಯಿ ಬಿಟ್ಟು ಹೇಳಲ್ಲ."

ಎಲ್ಲರೂ ತಲೆದೂಗಿದರು. ನನ್ನ ಕಡೆ ಯಾರೂ ನೋಡಲಿಲ್ಲ. ಆರ್ಲೀನ್ ಎಲ್ಲರ ಲೋಟಕ್ಕೂ ಕಾಫಿ ಸುರಿದು, ನನ್ನ ಲೋಟದ ಹತ್ತಿರ ಬಂದಾಗ ತಿರುಗಿ ಹೋದಳು. ಆಗ ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ನನ್ನ ಹತ್ರಾನೂ ಬಂದಿದ್ದ. ಭುಜದ ವಿಷ್ಯ... ಅಯ್ಯೋ ಬಿಡಿ. ನಾನು ಹೇಳ್ಬಾರ್ದು."

ನಿಜವಾಗಿ ನಡೆದದ್ದು ಇಷ್ಟೇ: ಬ್ರೋಡಿ ಅವನ ತಾತನ ಟ್ರಕ್ಕನ್ನು ತೂಕಕ್ಕೆ ತಂದಿದ್ದ. ಇಳಿದವನು ಮೈಮುರಿದ. "ನಮಸ್ಕಾರ ಸಾರ್," ಎಂದ. ಹೋದ.

"ಯಾವ ಭುಜ?" ಎಂದ ವರ್ಲಿನ್, ನಿಧಾನವಾಗಿ.

"ಬಲ..." ಎಂದೆ. ಮೈಮುರಿದದ್ದು ಎರಡೂ ಭುಜ, ಆದರೆ ಒಂದನ್ನು ಆರಿಸಿಕೊಳ್ಳಬೇಕಲ್ಲ.

"ಎಸೆಯೋ ಭುಜ!"

ನಾನು ಕಿಟಕಿಯಾಚೆ ನೋಡಿದೆ. ಅಲ್ಲಿ ಒಂದು ನಾಯಿ ಇತ್ತು, ಅದನ್ನೇ ಬಹಳ ದುಃಖದಿಂದ ನೋಡಿದೆ. ಆರ್ಲೀನ್ ಕೆಟಲ್ ಹಿಡಿದು ಓಡಿ ಬಂದು ನನ್ನ ಲೋಟ ತುಂಬಿಸಿದಳು. ಜೊತೆಗೆ ಕೇಳದೆಯೇ ಒಂದು ದಾಲ್ಚಿನ್ನಿ ರೋಲ್ ಇಟ್ಟಳು. ಜೀವನದಲ್ಲಿ ಅಷ್ಟು ರುಚಿಯಾದ ರೋಲ್ ನಾನು ತಿಂದಿಲ್ಲ.

ನಮ್ಮ ಚರ್ಚಿನಲ್ಲಿ ಒಂದು ಪ್ರಾರ್ಥನಾ ಸರಪಳಿ ಇದೆ. ಯಾರಿಗಾದರೂ ಕಷ್ಟವೆಂದರೆ ಒಬ್ಬಾಕೆ ಇನ್ನೊಬ್ಬಾಕೆಗೆ ಫೋನ್ ಮಾಡಿ ಪ್ರಾರ್ಥಿಸು ಎನ್ನಬೇಕು, ಆಕೆ ಮುಂದಿನವಳಿಗೆ. ಇನ್ನೊಬ್ಬರ ಮನೆಯ ಮಾತಾಡುವುದು ಪಾಪ, ನಮ್ಮ ಊರಿನಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ನಾವು ಪ್ರಾರ್ಥಿಸುತ್ತೇವೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ನನ್ನ ಹೆಂಡತಿ ಡಾರ್ಲಾ ಫೋನ್ ಇಡುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ರೀ, ವಿಷ್ಯ ಗೊತ್ತಾಯ್ತಾ? ಬ್ರೋಡಿ ಭುಜದ ಸ್ನಾಯು ಪೂರ್ತಿ ಹರಿದು ಜೋತಾಡ್ತಾ ಇದೆಯಂತೆ. ಒಮಾಹಾದಲ್ಲಿ ಆಪರೇಷನ್ ಅಂತೆ."

"ಹೌದಾ! ಯಾರು ಹೇಳಿದ್ದು?"

"ಮಗು ಅಪ್ಪ ಅಮ್ಮನ ಹತ್ರಾನೂ ಹೇಳ್ದೆ, ಊರಲ್ಲಿ ಯಾರೋ ಒಬ್ಬ ದೊಡ್ಡ ಮನುಷ್ಯರ ಹತ್ರ ಹೋಗಿ ಅತ್ಬಿಟ್ಟನಂತೆ. ಹೆಸರು ಮಾತ್ರ ಯಾರೂ ಹೇಳ್ತಾ ಇಲ್ಲ."

ನನಗೂ ನಿಜವಾಗಿಯೇ ಕುತೂಹಲವಾಯಿತು. ಅಂಥ ದೊಡ್ಡ ಮನುಷ್ಯ ನಮ್ಮ ಊರಲ್ಲಿ ಯಾರಿರಬಹುದು ಎಂದು ಒಬ್ಬೊಬ್ಬರನ್ನೇ ನೆನಪಿಸಿಕೊಳ್ಳುತ್ತ ಅರ್ಧ ಊಟ ಮುಗಿಸಿದೆ. ಆಮೇಲೆ ಹೊಳೆಯಿತು. ಆ ದೊಡ್ಡ ಮನುಷ್ಯ ನಾನೇ.

"ಡಾರ್ಲಾ, ಅದೆಲ್ಲ ಸುಳ್ಳು ಕಣೇ. ಅವ್ನು ನನ್ನ ಹತ್ರ ಏನೂ ಹೇಳಿಲ್ಲ. ಕಾಫಿ ಮೇಜಲ್ಲಿ ಜಂಬಕ್ಕೆ ನಾನೇ ಏನೋ ಅಂದ್ಬಿಟ್ಟೆ."

ಅವಳು ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ನನ್ನನ್ನು ಮದುವೆಯ ದಿನವೂ ಹಾಗೆ ನೋಡಿರಲಿಲ್ಲ.

"ಅಂದ್ರೆ ನಿಮ್ಮ ಹತ್ರಾನಾ ಅತ್ತಿದ್ದು?"

"ಅಳ್ಲಿಲ್ಲ ಅಂತ ಹೇಳ್ತಾ ಇದೀನಲ್ಲ!"

"ಸರಿ ಸರಿ. ನನ್ನ ಹತ್ರಾನೂ ಹೇಳ್ಬೇಡಿ. ಮಾತು ಕೊಟ್ಟಿದ್ದೀರಿ ಅಂತ ಅರ್ಥ ಆಯ್ತು." ಸೆರಗಿಲ್ಲದ ಕಾರಣ ಅಡುಗೆ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಒಂದು ಗುಟ್ಟು ಹೊಟ್ಟೇಲಿ ಇಟ್ಕೊಂಡಿದ್ದೀರಿ."

ಇದರಲ್ಲಿ ಅವಳ ತಪ್ಪೇನೂ ಇಲ್ಲ. ನಮ್ಮ ಕಡೆಯ ಜನ ಹಾಗೆ. ಯಾರೂ ತಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಆಡಿಕೊಳ್ಳುವುದಿಲ್ಲ. ನೂರು ಎಕರೆ ಚಿನ್ನದಂತೆ ಬೆಳೆದವನೂ "ಏನೋ, ಪರವಾಗಿಲ್ಲ," ಎನ್ನುತ್ತಾನೆ. ಹಾಗಾಗಿ ಯಾರಾದರೂ ತನ್ನ ಬಗ್ಗೆ ಕೆಟ್ಟದ್ದು ಹೇಳಿಕೊಂಡರೆ ಅವನೊಳಗೆ ಏನೋ ಮಹತ್ತಾದದ್ದು ಇದೆ ಎಂದೇ ಅರ್ಥ. ನಾನು ಸುಳ್ಳುಗಾರ ಎಂದು ಒಪ್ಪಿಕೊಂಡಷ್ಟೂ ನನ್ನ ಮರ್ಯಾದೆ ಹೆಚ್ಚಾಗತೊಡಗಿತು.

ಸಾಯಂಕಾಲ ಕೋಚ್ ಸ್ಟೂಬೆ ಉಗ್ರಾಣಕ್ಕೆ ಬಂದ. ಪಿಕಪ್ಪನ್ನು ನೇರ ತೂಕದ ಹಲಗೆಯ ಮೇಲೇ ನಿಲ್ಲಿಸಿದ. ಹಿಂದೆ ಜೋಳದ ಟ್ರಕ್ಕುಗಳು ಸಾಲುಗಟ್ಟಿದವು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಎಲ್ಲರಿಗೂ ವಿಷಯ ಗೊತ್ತಿತ್ತು.

"ಮಾರ್ವ್, ನಿಜ ಹೇಳ್ಬಿಡು. ಎಷ್ಟು ಕೆಟ್ಟದಾಗಿದೆ?"

"ಕೋಚ್, ಹುಡ್ಗ ಗುಂಡ್ಕಲ್ಲಿನ ಹಾಗಿದ್ದಾನೆ. ನಾನು ಬುರುಡೆ ಬಿಟ್ಟೆ. ನನ್ನಂಥ ಅಯೋಗ್ಯ ಈ ಜಿಲ್ಲೇಲೇ ಇಲ್ಲ."

ಕೋಚ್ ನನ್ನ ಮುಖವನ್ನೇ ನೋಡಿದ. ಅವನ ಗದ್ದ ನಡುಗಿತು.

"ಹ್ಯಾಡ್ಲಿಯವ್ರ ಕಿವಿಗೆ ಬೀಳ್ಬಾರ್ದು ಅಂತ ಅಲ್ವಾ? ನಿನ್ನ ಹೆಸರಿಗೇ ಮಸಿ ಬಳ್ಕೊಳ್ತಾ ಇದೀಯಲ್ಲೋ! ಭಲೇ ಮಾರ್ವ್. ನಿನ್ನನ್ನ ನಾನು ಇಷ್ಟು ದಿನ ಒಂದು ಪೆದ್ದು ಅಂದ್ಕೊಂಡಿದ್ದೆ."

"ಅದು ಸರಿಯಾಗೇ ಅಂದ್ಕೊಂಡಿದ್ದೆ ಕೋಚ್."

"ನೋಡು, ಮತ್ತೆ ಅದೇ!" ಎಂದು ನನ್ನ ಹೆಗಲು ತಟ್ಟಿ ಹೊರಟುಹೋದ.

ಹ್ಯಾಡ್ಲಿ ಎಂದರೆ ಪಕ್ಕದ ಊರು. ಶುಕ್ರವಾರದ ಆಟ ಅವರ ಮೇಲೆ. ಗೆದ್ದರೆ ಪ್ಲೇಆಫ್, ಸೋತರೆ ಈ ವರ್ಷದ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು.

ಬುಧವಾರ ಬ್ರೋಡಿ ಬಂದ. ನಡೆದುಕೊಂಡು ಬಂದ, ಗಾಡಿಯ ಬೀಗದ ಕೈ ಅವನಿಂದ ಕಿತ್ತುಕೊಂಡಿದ್ದರು. ಬಲಗೈಯನ್ನು ಎದೆಗೆ ಕಟ್ಟಿದ್ದರು. ಭುಜದ ಮೇಲೆ ಚರ್ಚಿನ ಹೆಂಗಸರು ಕೂಡಿ ಹೊಲಿದ ಕೌದಿಯ ದಿಂಬು. ಅದರ ಮೇಲೆ ಹಳದಿ ನೂಲಿನಲ್ಲಿ ಸೂರ್ಯಕಾಂತಿ ಹೂವು.

"ಕೂಚೆರಾ ಸಾರ್, ನಾನು ನಿಮ್ಮ ಹತ್ರ ಅತ್ನಂತೆ."

"ಹಾಗಂತಾರೆ," ಎಂದೆ.

"ಯಾವಾಗ ಸಾರ್?"

ನೆಲ ಬಾಯಿ ಬಿಡಲಿ ಎಂದುಕೊಂಡೆ. ಬಿಟ್ಟರೂ ನನ್ನ ಹೊಟ್ಟೆ ಹಿಡಿಸುತ್ತಿರಲಿಲ್ಲ.

"ನಂಗೆ ನೋವೇ ಇಲ್ಲ ಸಾರ್. ಇಲ್ಲ ಅಂದ್ರೆ ಅಮ್ಮ ಅಳ್ತಾಳೆ. ಅಯ್ಯೋ ಎಷ್ಟು ಧೈರ್ಯ ನನ್ನ ಕಂದಂಗೆ ಅಂತಾಳೆ. ಡಾಕ್ಟ್ರು ಎಕ್ಸ್-ರೇ ತೆಗೆದ್ರು. ಏನೂ ಕಾಣಿಸ್ಲಿಲ್ಲ. ಕಾಣಿಸ್ದೇ ಇರೋದೇ ಡೇಂಜರ್, ಕಾಣಿಸಿದ್ರೆ ವಾಸಿ ಮಾಡ್ಬಹುದಿತ್ತು ಅಂದ್ರು. ಡಾಕ್ಟ್ರೂ ಅಳ್ತಿದ್ರು ಸಾರ್."

"ಕೋಚ್‌ಗೆ ಹೇಳ್ಲಿಲ್ವಾ?"

"ಹೇಳ್ದೆ. ಟೋಪಿ ತೆಗೆದು ನಿಂತ್ಕೊಂಡ್ರು." ಅವನು ಜೋಳದ ಒಂದು ಕಾಳನ್ನು ಬೂಟಿನಿಂದ ಒದ್ದ. ಅದು ಹೋಗಿ ಗೋಪುರಕ್ಕೆ ಟಿಕ್ ಎಂದು ಬಡಿಯಿತು. "ಸಾರ್, ಇವ್ರೆಲ್ಲ ನಾನು ಯೂನಿವರ್ಸಿಟಿಗೆ ಆಡ್ತೀನಿ ಅಂತಾರೆ. ಅಲ್ಲಿನ ಹುಡುಗ್ರ ಮುಂದೆ ನಾನು ಇಷ್ಟೇ ಇಷ್ಟು. ನಂಗೆ ಗೊತ್ತು. ಇದೇ ನನ್ನ ಕೊನೇ ವರ್ಷ. ಊರಲ್ಲಿ ಆಡೋ ಕೊನೇ ಆಟ ಶುಕ್ರವಾರ. ಅದನ್ನೂ ಬೆಂಚಲ್ಲಿ ಕೂತು ನೋಡು ಅಂದ್ರೆ ಹೇಗೆ ಸಾರ್? ನೀವು ಕಟ್ಟಿದ್ದು, ನೀವೇ ಬಿಚ್ಚಿ."

ಆಗ ಮೊದಲ ಬಾರಿಗೆ ಅವನ ಪಕ್ಕದಲ್ಲಿ ಸರಿಯಾಗಿ ನಿಂತು ನೋಡಿದೆ. ನನ್ನ ಕಿವಿಯವರೆಗೂ ಬರುತ್ತಿರಲಿಲ್ಲ ಹುಡುಗ.

ಬಿಚ್ಚುತ್ತೇನೆ ಎಂದು ಮಾತು ಕೊಟ್ಟೆ. ಈ ಸಲ ನಿಜವಾಗಿ ಕೊಟ್ಟೆ.

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ತಂಡಕ್ಕಾಗಿ ಊಟ. ಬೀನ್ಸು ಮಾಂಸದ ಖಾರದ ಚಿಲ್ಲಿ, ಅದರ ಜೊತೆಗೆ ದಾಲ್ಚಿನ್ನಿ ರೋಲ್. ಎರಡನ್ನೂ ಒಟ್ಟಿಗೆ ತಿನ್ನದವನನ್ನು ನಾವು ಹೊರಗಿನವನೆಂದು ಲೆಕ್ಕ ಹಾಕುತ್ತೇವೆ. ಇಡೀ ಊರು ಸೇರಿತ್ತು. ಪಾದ್ರಿ ಗುಂಥರ್ ಪ್ರಾರ್ಥನೆ ಮುಗಿಸಿದ ತಕ್ಷಣ ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ.

"ಎಲ್ರೂ ಕೇಳಿ! ನಾನು ಸುಳ್ಳುಗಾರ. ಬ್ರೋಡಿ ಭುಜಕ್ಕೆ ಏನೂ ಆಗಿಲ್ಲ. ಮೈಲೊ ಲೇಸಿನ ಕಥೆ ಹೇಳ್ದ, ನಂಗೆ ಹೊಟ್ಟೆ ಉರೀತು, ಅದ್ಕೇ ಹೇಳ್ದೆ!"

ಎಲ್ಲೋ ಒಂದು ಚಮಚ ಬಿತ್ತು. ಆಮೇಲೆ ವರ್ಲಿನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಮೈಲೊ ಎದ್ದ. ಇಡೀ ನೆಲಮಾಳಿಗೆ ಎದ್ದಿತು.

"ನೋಡ್ರಯ್ಯ, ನಮ್ಮ ಮಾರ್ವ್!" ಎಂದು ವರ್ಲಿನ್ ಗದ್ಗದಿತನಾದ. "ಇವ್ನ ಚರ್ಮ ಸುಲಿದ್ರೂ ಗುಟ್ಟು ಬಿಡಲ್ಲ."

"ನಂಗೆ ನಿಜವಾಗ್ಲೂ ಏನೂ ಆಗಿಲ್ಲ!" ಎಂದು ಬ್ರೋಡಿಯೂ ಎದ್ದು, ಕಟ್ಟು ಕಿತ್ತೆಸೆದು, ಬಲಗೈಯನ್ನು ಗಾಳಿಯಂತ್ರದ ಹಾಗೆ ಗರಗರ ತಿರುಗಿಸಿದ. ಸೌಟೊಂದು ಹಾರಿ ಪಾದ್ರಿಯ ಮಡಿಲಿಗೆ ಬಿತ್ತು. ಹೆಂಗಸರು ಚೀರಿದರು. ವರ್ಲಿನ್, ಮೈಲೊ, ಡಾಕ್ಟರು ಮೂವರೂ ಹಾರಿ ಅವನನ್ನು ಹಿಡಿದು ಕೂರಿಸಿ, ಈ ಸಲ ಎರಡೂ ಕೈ ಸೇರಿಸಿ ಕಟ್ಟಿದರು. ಅವನ ತಾಯಿ ಚಮಚದಲ್ಲಿ ಚಿಲ್ಲಿ ತಿನ್ನಿಸಿದಳು.

"ಒಬ್ಬ ತನ್ನ ಮಾನ ಕೊಡ್ತಾನೆ, ಇನ್ನೊಬ್ಬ ತನ್ನ ತೋಳು ಕೊಡ್ತಾನೆ," ಎಂದರು ಪಾದ್ರಿ, ಪ್ಯಾಂಟಿನ ಮೇಲಿನ ಬೀನ್ಸು ತೆಗೆಯುತ್ತ. "ಭಾನುವಾರದ ಪ್ರವಚನಕ್ಕೆ ವಿಷ್ಯ ಹುಡುಕ್ತಾ ಇದ್ದೆ."

ಶುಕ್ರವಾರ ಬಂತು. ಮೈದಾನದ ದೀಪಗಳು ಹೊತ್ತಿಕೊಂಡವು. ಬ್ರೋಡಿ ಬೆಂಚಿನ ಮೇಲೆ, ಸೂರ್ಯಕಾಂತಿ ದಿಂಬಿನೊಳಗೆ. ಅವನ ಜಾಗದಲ್ಲಿ ಆರಿನ್ ಎಂಬ ಹುಡುಗ; ಬ್ಯಾಂಡಿನಲ್ಲಿ ಟ್ಯೂಬಾ ಎಂಬ, ತಬ್ಬಿ ಹಿಡಿಯಬೇಕಾದ ದೊಡ್ಡ ಕಹಳೆ ಊದುವವನು. ಕೋಚ್ ಅವನ ಎರಡೂ ಭುಜ ಹಿಡಿದು ಬಹಳ ಹೊತ್ತು ಯೋಚಿಸಿ ಹೊಸ ತಂತ್ರ ಹೇಳಿದ: "ಬ್ರೋಡಿಗೆ ಕೊಡ್ಬೇಡ."

ನಾವು ಮಣ್ಣು ಮುಕ್ಕುತ್ತೇವೆ ಎಂದು ಎಲ್ಲರಿಗೂ ಖಾತ್ರಿಯಿತ್ತು. ಆದರೆ ಒಂದು ವಿಚಿತ್ರ ನಡೆಯಿತು. ಹ್ಯಾಡ್ಲಿಯವರು ಇಡೀ ವರ್ಷ ಅಭ್ಯಾಸ ಮಾಡಿದ್ದು ಬ್ರೋಡಿಯನ್ನು ತಡೆಯುವುದನ್ನು ಮಾತ್ರ. ಅವರ ಮೂರು ಜನ ದಾಂಡಿಗರಿಗೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ಅವನು ಎಲ್ಲಿದ್ದರೆ ಅಲ್ಲಿರಬೇಕೆಂದು ಕಲಿಸಿದ್ದರು. ಹಾಗಾಗಿ ಆ ಮೂವರೂ ಮೈದಾನದ ಅಂಚಿನ ಗೆರೆಯ ಪಕ್ಕ ಬಂದು ಬೆಂಚನ್ನೇ ಕಾಯುತ್ತ ನಿಂತರು. ಬ್ರೋಡಿ ನೀರು ಕುಡಿದರೆ ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದರು. ನಾವು ಅವನನ್ನು ನೆಚ್ಚಿಕೊಂಡದ್ದಕ್ಕಿಂತ ಹೆಚ್ಚಾಗಿ ಅವರು ನೆಚ್ಚಿಕೊಂಡಿದ್ದರು, ಪಾಪ.

ಆ ಕಡೆಯಿಂದ ಆರಿನ್ ಚೆಂಡನ್ನು ಟ್ಯೂಬಾದಂತೆ ತಬ್ಬಿಕೊಂಡು ಓಡಿದ. ಎರಡು ಸಲ ಗೋಲಿನ ಗೆರೆ ದಾಟಿ ಆರಾರು ಅಂಕ ತಂದ. ಇನ್ನೊಂದು ಸಲ ದಿಕ್ಕು ತಪ್ಪಿ ಓಡಿದ, ಅದನ್ನು ನಾನು ಮೈಕಿನಲ್ಲಿ ಹೇಳಲಿಲ್ಲ.

ಕೊನೆಯ ಹೊತ್ತಿಗೆ ಹ್ಯಾಡ್ಲಿಯವರು ನಾಲ್ಕು ಅಂಕ ಮುಂದಿದ್ದರು. ಅವರಿಗೂ ಬುದ್ಧಿ ಬಂದಿತ್ತು. ಎಂಟೂ ಜನ ಮುಂದೆ ಗೋಡೆ ಕಟ್ಟಿ ನಿಂತರು. ಆರಿನ್ ಹೋಗಿ ಗುದ್ದಿದ, ಬಿದ್ದ. ಮತ್ತೆ ಗುದ್ದಿದ, ಬಿದ್ದ. ಇನ್ನು ಒಂದೇ ಒಂದು ಸಲ ಚೆಂಡು ಆಡುವುದು ಉಳಿದಿತ್ತು. ಗಡಿಯಾರ ನಿಂತಿತ್ತು. ನಮ್ಮ ಕೋಚ್ ಆಕಾಶ ನೋಡುತ್ತಿದ್ದ. ಬೆಂಚಿನಿಂದ ಬ್ರೋಡಿ ತಲೆಯೆತ್ತಿ ನೇರವಾಗಿ ನನ್ನ ಮೈಕಿನ ಗೂಡಿನ ಕಡೆ ನೋಡಿದ. ಬೈಯಲಿಲ್ಲ, ಕೈಸನ್ನೆಯೂ ಮಾಡಲಿಲ್ಲ. ಎರಡೂ ಕೈ ಕಟ್ಟಿದ್ದರಲ್ಲ.

ನಾನು ಮೈಕ್ ಒತ್ತಿದೆ.

"ಪ್ರೇಕ್ಷಕರ ಗಮನಕ್ಕೆ. ನೀಲಿ ಬಣ್ಣದ ಪಿಕಪ್ ಒಂದರ ದೀಪ ಉರೀತಾ ಇದೆ, ಬಂದು ಆರಿಸಿ. ಇನ್ನೊಂದು ವಿಷಯ. ಬ್ರೋಡಿ ವಾನೆಕ್‌ನ ಭುಜ ಸಂಪೂರ್ಣ ಚೆನ್ನಾಗಿದೆ. ಮೊದಲಿಂದ ಚೆನ್ನಾಗೇ ಇತ್ತು. ಸೋಮವಾರ ನಾನು ಹೇಳಿದ್ದು ಹಸಿ ಸುಳ್ಳು. ಅವ್ನು ಎಸೆಯಬಲ್ಲ. ದಯವಿಟ್ಟು ಎಸೆಯೋಕೆ ಬಿಡಿ. ಧನ್ಯವಾದ."

ಎರಡೂ ಊರುಗಳು ಉಸಿರು ಹಿಡಿದವು. ಮೊದಲು ನಕ್ಕದ್ದು ಹ್ಯಾಡ್ಲಿಯ ಕೋಚ್. ಅವನ ನಗು ಮೈದಾನ ದಾಟಿ ನನ್ನ ಗೂಡಿಗೇ ಕೇಳಿಸಿತು.

"ಲೋ ಹುಡುಗ್ರಾ! ಭುಜ ಚೆನ್ನಾಗಿದ್ರೆ ಯಾವ ಮುಠ್ಠಾಳ ಮೈಕಲ್ಲಿ ಹೇಳ್ತಾನ್ರೋ? ಹೆದರ್ಸೋಕೆ ನೋಡ್ತಿದ್ದಾರೆ! ಚೆಂಡು ಹಿಡಿಯೋರನ್ನ ಕಾಯೋಕೆ ಒಬ್ಬನೂ ಹಿಂದೆ ಹೋಗ್ಬೇಡಿ!"

ನಮ್ಮ ಕೋಚ್‌ನ ಮುಖದ ಮೇಲೆ ನಿಧಾನವಾಗಿ ಬೆಳಕು ಹರಡಿತು. ನನ್ನ ಕಡೆ ತಿರುಗಿ ಸೆಲ್ಯೂಟ್ ಹೊಡೆದ. ಬ್ರೋಡಿಯ ಕಟ್ಟು ಬಿಚ್ಚಿ, ಆರಿನ್‌ನನ್ನು ಚೆಂಡು ಹಿಡಿಯುವವನ ಜಾಗಕ್ಕೆ ಕಳಿಸಿ, ಅವನನ್ನು ಒಳಗೆ ತಳ್ಳಿದ. ಏನು ಹೇಳಿ ತಳ್ಳಿದ ಎಂದು ಬ್ರೋಡಿ ಆಮೇಲೆ ನನಗೆ ಹೇಳಿದ: "ಮಾರ್ವ್ ಒಳ್ಳೇ ಉಪಾಯ ಹೂಡಿದ್ದಾನೆ. ನೀನು ಸುಮ್ನೆ ನಿಂತ್ಕೋ. ಏನಾದ್ರೂ ಎಸೆದ್ಯೋ, ಕೊಂದ್ಹಾಕ್ತೀನಿ."

ಚೆಂಡು ಬ್ರೋಡಿಯ ಕೈಗೆ ಬಂತು. ಹ್ಯಾಡ್ಲಿಯ ಎಂಟೂ ಜನ ಅವನ ಮೇಲೆ ನುಗ್ಗಿದರು. ಅವನು ಎರಡು ಹೆಜ್ಜೆ ಹಿಂದಿಟ್ಟ, ಒಂದು ವಾರದಿಂದ ಮೂಲೆಗೆ ಬಿದ್ದಿದ್ದ ತೋಳನ್ನು ಹಿಂದೆ ಎಳೆದು ಬಿಟ್ಟ. "ಅಯ್ಯೋ ಮಗೂ!" ಎಂದು ಊರಿನ ಅಷ್ಟೂ ತಾಯಂದಿರು ಒಟ್ಟಿಗೆ ಕೂಗಿದರು. ಚೆಂಡು ದೀಪದ ಕಂಬಗಳಿಗಿಂತ ಮೇಲೆ ಹೋಗಿ ಕತ್ತಲಲ್ಲಿ ಮಾಯವಾಯಿತು. ಗೋಲಿನ ಗೆರೆಯಾಚೆ ಆರಿನ್ ಒಬ್ಬನೇ ನಿಂತಿದ್ದ. ಎಷ್ಟು ಒಬ್ಬನೇ ಎಂದರೆ, ಇದು ಯಾರಿಗೆ ಬರುತ್ತಿದೆ ಎಂದು ಹಿಂದೆ ತಿರುಗಿ ನೋಡುವಷ್ಟು ಸಮಯ ಅವನಿಗಿತ್ತು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೊಟ್ಟೆಯಿಂದ ಹಿಡಿದ. ನಾವು ಗೆದ್ದೆವು.

ಬ್ರೋಡಿ ನೆಲಕ್ಕೆ ಬಿದ್ದಿದ್ದ, ಮೇಲೆ ಎಂಟು ಜನ. ರಾಶಿಯ ಅಡಿಯಿಂದ ಅವನ ಬಲಗೈಯೊಂದೇ ಹೊರಗೆ ಬಂದಿತ್ತು. ಅದು ಚೆನ್ನಾಗಿಯೇ ಇತ್ತು. ಮುಷ್ಟಿ ಬಿಗಿದು ಆಕಾಶಕ್ಕೆ ಗುದ್ದುತ್ತಿತ್ತು.

ಅಲ್ಲಿಗೆ ನನ್ನ ಪಾಪ ತೊಳೆದುಹೋಯಿತು, ಇನ್ನು ಹಾಯಾಗಿ ಮೂಲೆಯಲ್ಲಿ ಕೂತು ಕಾಫಿ ಕುಡಿಯಬಹುದು ಎಂದುಕೊಂಡೆ. ಶನಿವಾರ ಬೆಳಿಗ್ಗೆ ಆರ್ಲೀನಳ ಅಂಗಡಿಗೆ ಹೋದರೆ ಗೋಡೆಗೆ ಒರಗಿದ ಮೆತ್ತನೆಯ ಕುರ್ಚಿ ನನಗಾಗಿ ಖಾಲಿ ಇತ್ತು. ಅದರ ಪಕ್ಕ ಕೋಚ್ ಸ್ಟೂಬೆ ಕೂತಿದ್ದ. ಅವನು ಯಾವತ್ತೂ ನಮ್ಮ ಮೇಜಿಗೆ ಬಂದವನಲ್ಲ.

"ಪ್ಲೇಆಫ್ ಸ್ಟರ್ನ್‌ಬರ್ಗ್ ಮೇಲೆ ಬಿದ್ದಿದೆ ಮಾರ್ವ್," ಎಂದ, ತಗ್ಗಿದ ದನಿಯಲ್ಲಿ. "ದೈತ್ಯರು. ಹೇಳು, ಈ ಸಲ ಬ್ರೋಡಿಗೆ ಏನಾಗಿದೆ?"

"ಏನೂ ಆಗಿಲ್ಲ ಕೋಚ್!"

"ಆಹಾ, ಇದೇ ಧಾಟಿ. ಆದ್ರೆ ಇನ್ನೂ ಸ್ವಲ್ಪ ದುಃಖ ಇರ್ಲಿ."

"ಮೊಣಕಾಲು ಅಂದ್ರೆ ಹೇಗೆ?" ಎಂದ ಮೈಲೊ.

"ಬಾಯಿ ಮುಚ್ಚಯ್ಯ," ಎಂದ ವರ್ಲಿನ್. "ಮಾರ್ವ್‌ಗೆ ಗೊತ್ತು ಯಾವ ಅಂಗ ಅಂತ. ನಮ್ಮ ವಂಶದವ್ನೇ ಅವ್ನು, ದೂರದಿಂದ."

"ಕೋಚ್, ದಯವಿಟ್ಟು ಹುಡುಗ್ರಿಗೆ ಅಭ್ಯಾಸ ಮಾಡ್ಸಿ. ಆರಿನ್ ಚೆನ್ನಾಗಿ ಓಡ್ತಾನೆ. ಉಳಿದವ್ರಿಗೂ ಚೆಂಡು ಕೊಟ್ಟು ನೋಡಿ."

ಕೋಚ್ ನನ್ನನ್ನು ಕರುಣೆಯಿಂದ ನೋಡಿದ. "ಅಭ್ಯಾಸ ಯಾಕಯ್ಯ? ಈ ವಾರದ್ದೆಲ್ಲ ರದ್ದು ಮಾಡಿದ್ದೀನಿ. ನೀನಿದ್ದೀಯಲ್ಲ."

ಹೇಗಾದರೂ ಎದ್ದು ಹೋಗಬೇಕಿತ್ತು. "ನಂಗೆ ಯಾಕೋ ಗಂಟಲು ಸ್ವಲ್ಪ ಕಟ್ಟಿದ ಹಾಗಿದೆ, ಬರ್ತೀನಿ," ಎಂದೆ.

ಮೇಜಿನ ಬಣ್ಣವೇ ಹೋಯಿತು. ಆರ್ಲೀನ್ ನನ್ನ ಕಾಫಿ ಕಿತ್ತುಕೊಂಡಳು. ವರ್ಲಿನ್ ತನ್ನ ಮಫ್ಲರ್ ಬಿಚ್ಚಿ ನನ್ನ ಕುತ್ತಿಗೆಗೆ ಸುತ್ತಿದ. ಅದರಿಂದ ಹಂದಿಯ ವಾಸನೆ ಬರುತ್ತಿತ್ತು.

"ನನ್ನ ಗಂಟಲಿಗೆ ಏನೂ ಆಗಿಲ್ಲ!" ಎಂದು ಕಿರುಚಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಚ್ ಎದ್ದು ನಿಂತು ಟೋಪಿ ತೆಗೆದ.

ಮನೆಗೆ ಓಡಿದೆ. ಡಾರ್ಲಾ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಮೆಟ್ಟಿಲ ಮೇಲೆ ಮೂರು ಮನೆಗಳಿಂದ ಬಂದ ಕೋಳಿ ಸೂಪಿನ ಪಾತ್ರೆಗಳು ಹಬೆಯಾಡುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಒಂದಕ್ಷರ ಆಡ್ಬೇಡಿ. ಶುಕ್ರವಾರದವರ್ಗೂ ಇಡೀ ಊರು ನಿಮ್ಮ ಗಂಟಲೊಂದನ್ನೇ ನಂಬ್ಕೊಂಡು ಕೂತಿದೆ."